ಕೋಟ್ ಮೇಲೆ ಕೋಟ್ ಹೊಡೆದರೂ ಓಮ್ ಇಳಿಯುತ್ತಿಲ್ಲ

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿ, ಬೆಳಗಾವಿ): ನಮಸ್ಕಾರ ಸರ್. ಬಾಗುವ ಟಚ್ ಸೆನ್ಸರ್‌ಗಾಗಿ ಪೆಟ್ (ಪಾರದರ್ಶಕ ಪ್ಲಾಸ್ಟಿಕ್) ಹಾಳೆಯ ಮೇಲೆ ಸಿಂಗಲ್ ವಾಲ್ ಕಾರ್ಬನ್ ನ್ಯಾನೋಟ್ಯೂಬ್ (ಕರೆಂಟ್ ಒಯ್ಯುವ ಇಂಗಾಲದ ಅತಿ ಸಣ್ಣ ಕೊಳವೆ) ಸ್ಪ್ರೇ ಮಾಡುತ್ತಿದ್ದೇನೆ. ಟ್ಯೂಬು ನೀರಿನಲ್ಲಿ ಬೆರೆಯಲೆಂದು 1% ಎಸ್‌ಡಿಎಸ್ ಎಂಬ ಸೋಪು ಹಾಕಿ, ಪ್ರೋಬ್ ಸೋನಿಕೇಟರ್‌ನಲ್ಲಿ (ಶಬ್ದದ ಅಲೆಯಿಂದ ಅಲುಗಿಸುವ ಯಂತ್ರ) 2 ಗಂಟೆ ಇಡುತ್ತೇನೆ. 550 ನ್ಯಾನೋಮೀಟರ್‌ನಲ್ಲಿ 80% ಬೆಳಕು ದಾಟುತ್ತದೆ, ಆದರೆ ಶೀಟ್ ರೆಸಿಸ್ಟೆನ್ಸ್ (ಫಿಲ್ಮ್ ಕರೆಂಟಿಗೆ ಒಡ್ಡುವ ತಡೆ) ಚೌಕಕ್ಕೆ 1,200 ಓಮ್. ಇನ್ನೂ ಕೋಟ್ ಹೊಡೆದರೆ ಫಿಲ್ಮ್ ಕಪ್ಪಾಗುತ್ತದೆ. ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿದಾಗ 450ಕ್ಕೆ ಇಳಿಯಿತು. ಮೂರು ವಾರದಲ್ಲಿ ಮತ್ತೆ 800! ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ (ಲೇಪನದ ಕೆಲಸದವರು, ವಿಜಯಪುರ): ತಮ್ಮಾ, 2 ಗಂಟೆ ಅಂದೆಯಲ್ಲ, ಅಲ್ಲೇ ಅರ್ಧ ಕೆಲಸ ಕೆಟ್ಟಿದೆ. ಸೋನಿಕೇಟರ್ ಗಂಟು ಬಿಡಿಸುತ್ತದೆ, ಜೊತೆಗೆ ಟ್ಯೂಬನ್ನೂ ತುಂಡು ಮಾಡುತ್ತದೆ. ಒಂದೇ ಟ್ಯೂಬಿನೊಳಗೆ ಕರೆಂಟ್ ಸಲೀಸಾಗಿ ಓಡುತ್ತದೆ. ತಡೆ ಇರುವುದು ಒಂದರಿಂದ ಇನ್ನೊಂದಕ್ಕೆ ದಾಟುವ ಕಡೆ. ಹೊಲದಲ್ಲಿ ಜೋಳದ ಕಣಿಕೆ ಹರಡಿದ್ದು ನೋಡಿದ್ದೀಯಲ್ಲ? ಉದ್ದ ಕಣಿಕೆಯಾದರೆ ನಾಲ್ಕು ದಾಟಿದರೆ ಆಚೆ ತುದಿ. ಕತ್ತರಿಸಿದ ಮೇವಾದರೆ ನಲವತ್ತು. ಹಾಗಂತ ಸಿವುಡು ಕಟ್ಟಿದ ಹಾಗೆ ಗುಂಪಾಗಿ ಉಳಿದರೂ ಕಷ್ಟ: ಒಳಗಿನ ಟ್ಯೂಬು ಬೆಳಕು ನುಂಗುತ್ತದೆ, ಕರೆಂಟಿಗೆ ಅಷ್ಟಾಗಿ ಆಗಿಬರುವುದಿಲ್ಲ. ಕಡಿಮೆ ಪವರ್‌ನಲ್ಲಿ, ಐಸ್ ಮೇಲಿಟ್ಟು, 20-30 ನಿಮಿಷ ಸಾಕು. ಬಿಡದ ಗುಂಪುಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕೆ ಇಳಿಸಿ, ಮೇಲಿನ ನೀರು ಮಾತ್ರ ತಗೋ.

ಕೋಟ್ ಹೆಚ್ಚಿಸುವುದು ಸುಮ್ನೆ ದಂಡ. ಕರೆಂಟ್ ಒಯ್ಯುವ ಶಕ್ತಿಗೂ ಬೆಳಕು ಹೀರುವ ಗುಣಕ್ಕೂ ಒಂದು ಅನುಪಾತ ಇದೆ. ನಿನ್ನ ಫಿಲ್ಮಿಗೆ ಅದು 1.3ರ ಸುತ್ತ ಬರುತ್ತದೆ, ಆಸಿಡ್ ಆದಮೇಲೆ 3.5. 90% ಬೆಳಕು, 100 ಓಮ್ ಬೇಕೆಂದರೆ 35 ಇರಬೇಕು. ದಪ್ಪ ಮಾಡಿದರೆ ಈ ಅನುಪಾತ ಏರುವುದಿಲ್ಲ, ಟ್ಯೂಬಿನ ಗುಣ, ಜೋಡಣೆ ಸುಧಾರಿಸಿದರೆ ಏರುತ್ತದೆ.

ಎಸ್‌ಡಿಎಸ್ ಅಂದರೆ ಸೋಪು, ಅಲ್ವಾ? ಅದು ಟ್ಯೂಬುಗಳ ನಡುವೆ ಕರೆಂಟ್ ಬಿಡದ ಪೊರೆಯಾಗಿ ಕೂರುತ್ತದೆ. ಒಣಗಿದ ಫಿಲ್ಮನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಆಮೇಲೆ ಆಸಿಡ್. ಆಸಿಡ್ ಉಳಿದ ಸೋಪನ್ನೂ ತೆಗೆಯುತ್ತದೆ, ಡೋಪಿಂಗ್ ಕೂಡ ಮಾಡುತ್ತದೆ, ಅಂದರೆ ಟ್ಯೂಬಿನಲ್ಲಿ ಕರೆಂಟ್ ಒಯ್ಯುವ ಕಣ ಹೆಚ್ಚಿಸುತ್ತದೆ. ಆದರೆ ಆ ಡೋಪಿಂಗ್ ನಿಧಾನಕ್ಕೆ ಹಾರಿಹೋಗುತ್ತದೆ, ಬಿಸಿ ಮಾಡಿದರೆ ಇನ್ನೂ ಬೇಗ. ನಿನ್ನ 450 ಓಮ್ 800 ಆದದ್ದು ಹೀಗೆ. ಮೇಲೊಂದು ತೆಳು ಪೆಡಾಟ್-ಪಿಎಸ್‌ಎಸ್ (ಕರೆಂಟ್ ಒಯ್ಯುವ ಪ್ಲಾಸ್ಟಿಕ್) ಪದರ ಕೊಟ್ಟರೆ ಇದು ತುಂಬ ಹತೋಟಿಗೆ ಬರುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿ): ಇಲ್ಲಿ ಜುಲೈ ಮಳೆ ನಿಮಗೆ ಗೊತ್ತಲ್ಲ ಸರ್. ಹನಿಗಳು ಒಣಗದೆ ಕೂಡಿಕೊಂಡು ಉಂಗುರದ ಕಲೆ ಬೀಳುತ್ತದೆ.

ಉತ್ತರ: ವಿಜಯಪುರಕ್ಕೆ ಬಾ, ಇಲ್ಲಿ ಅಂಥಾ ಮಳೆ ಎಲ್ಲಿದೆ! ತಮಾಷೆ ಬಿಡು. ತೆಳುವಾಗಿ ಒಂದು ಸಲ ಹೊಡೆದು, ಪೂರ್ತಿ ಒಣಗಿದ ಮೇಲೆ ಮುಂದಿನದು. ಅದೂ ಆಗದಿದ್ದರೆ ಸ್ಪ್ರೇ ಬಿಟ್ಟು ಫಿಲ್ಟರ್ ದಾರಿ ಹಿಡಿ. ಸೆಲ್ಯುಲೋಸ್ ಎಸ್ಟರ್ ಮೆಂಬ್ರೇನ್ ಮೇಲೆ ವ್ಯಾಕ್ಯೂಮ್‌ನಿಂದ ಸೋಸು, ಅಲ್ಲೇ ನೀರು ಹಾಯಿಸಿ ಸೋಪು ತೊಳೆ, ಹಾಳೆಗೆ ಒತ್ತಿ ಮೆಂಬ್ರೇನನ್ನು ಅಸಿಟೋನ್‌ನಲ್ಲಿ ಕರಗಿಸು. ದಪ್ಪ ಬಿದ್ದಲ್ಲಿ ನೀರು ನಿಧಾನವಾಗಿ, ತೆಳು ಇದ್ದಲ್ಲಿ ಜಾಸ್ತಿ ಇಳಿಯುತ್ತದೆ. ಹಾಗಾಗಿ ಫಿಲ್ಮ್ ತಾನೇ ಸಮವಾಗುತ್ತದೆ. 2004ರಿಂದ ಬಂದಿರುವ ವಿಧಾನ ಇದು. ಒಂದು ಎಚ್ಚರಿಕೆ: ಅಸಿಟೋನ್ ಪೂರ್ತಿ ಆರುವ ತನಕ ನೈಟ್ರಿಕ್ ಆಸಿಡ್ ಹತ್ತಿರ ತರಬೇಡ. ಎರಡರ ತ್ಯಾಜ್ಯವನ್ನೂ ಒಂದೇ ಬಾಟಲಿಗೆ ಸುರಿಯಬೇಡ, ಸಿಡಿಯುತ್ತದೆ.

ಪ್ರಶ್ನೆ (ಇನ್ನೊಬ್ಬರು, ಇಳಕಲ್): ಇಷ್ಟು ಒದ್ದಾಡುವ ಬದಲು ಐಟಿಒ (ಇಂಡಿಯಮ್ ಟಿನ್ ಆಕ್ಸೈಡ್, ಕರೆಂಟ್ ಒಯ್ಯುವ ಪಾರದರ್ಶಕ ಲೇಪನ) ಹಾಳೆ ಕೊಂಡರೆ ಆಗದೇ?

ಉತ್ತರ: ಗಾಜಿನ ಮೇಲಾದರೆ ಖಂಡಿತ ಐಟಿಒ ತಗೋರಿ, ಓಮ್ ಲೆಕ್ಕದಲ್ಲಿ ನ್ಯಾನೋಟ್ಯೂಬ್ ಅದರ ಸಮಕ್ಕೆ ಬರುವುದಿಲ್ಲ. ಆದರೆ ಮತ್ತೆ ಮತ್ತೆ ಬಾಗಿಸಿದರೆ ಐಟಿಒ ಬಿರುಕು ಬಿಡುತ್ತದೆ. ತಮ್ಮನ ಟಚ್ ಸೆನ್ಸರ್‌ಗೆ ಕೆಲವು ನೂರು ಓಮ್ ಇದ್ದರೂ ನಡೆಯುತ್ತದೆ.