ಪದಚರ್ಚೆ: ‘ಪಿಂಚಣಿ ಸಾಲ’ ಅನ್ನಬಹುದೇ?

ಪ್ರಶ್ನೆ (ಬೆಳಗಾವಿಯಿಂದ): ಅಮೆರಿಕದ ಡೆಟ್ರಾಯ್ಟ್ ನಗರಾಡಳಿತ 2013ರ ಜುಲೈ 18ರಂದು ದಿವಾಳಿ ಅರ್ಜಿ ಹಾಕಿದ ಸಂಗತಿ ಬರೆಯುವಾಗ ಎರಡು ಮಾತು ತೊಡಕಾಗಿವೆ. ‘ಪೆನ್ಷನ್ ಡೆಟ್’ಗೆ ‘ಪಿಂಚಣಿ ಸಾಲ’, ‘ಪಬ್ಲಿಕ್ ಸೇಫ್ಟಿ’ಗೆ ‘ಸಾರ್ವಜನಿಕ ಭದ್ರತೆ’ ಸರಿಹೋದಾವೇ? ನಮ್ಮ ಕಡೆಯ ಓದುಗರಿಗೆ ಒಂದೇ ಓದಿಗೆ ತಿಳಿಯಬೇಕು.

ಉತ್ತರ: ‘ಪಿಂಚಣಿ ಸಾಲ’ ಬೇಡ. ಬೆಳೆ ಸಾಲ, ಮನಿ ಸಾಲ, ಬಂಗಾರದ ಸಾಲ ಎನ್ನುವಾಗ ಮೊದಲ ಪದ ಸಾಲ ಯಾತಕ್ಕೆ ಅಥವಾ ಯಾತರ ಮೇಲೆ ತೆಗೆದದ್ದು ಎಂದು ಹೇಳುತ್ತದೆ. ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಬಂದವರಿಗೆ ಈ ಪದ ಓದಿ ಹೇಳಿದರೆ, “ಪಿಂಚಣಿ ಮ್ಯಾಲೆ ಬ್ಯಾಂಕಿನವ್ರು ಕೊಡೋ ಸಾಲ ಅಲ್ಲೇನ್ರಿ?” ಅಂತಾರೆ. ಅವರ ತಪ್ಪಲ್ಲ, ಪದದ ತಪ್ಪು.

‘ಪಿಂಚಣಿ ಬಾಕಿ’ಯೂ ಬೇಡ. ಬಾಕಿ ಎಂದರೆ ನಿವೃತ್ತರ ಕೈಗೆ ಬರಬೇಕಾದದ್ದು ಬಂದಿಲ್ಲ ಎಂದಾಗುತ್ತದೆ. ಡೆಟ್ರಾಯ್ಟಿನಲ್ಲಿ ತಿಂಗಳ ಪಿಂಚಣಿ ಹೋಗುತ್ತಲೇ ಇತ್ತು. ತೂತು ಬಿದ್ದದ್ದು ನಿಧಿಗೆ.

ಇಲ್ಲಿ ಮೂರು ಪದ ಬೇರೆಬೇರೆ ಇಟ್ಟುಕೊಳ್ಳಬೇಕು. ಮುಂದೆ ಕೊಡಬೇಕಾದ ಪಿಂಚಣಿಯೆಲ್ಲದರ ಇಂದಿನ ಬೆಲೆ 100 ರೂಪಾಯಿ ಅನ್ನಿ, ಅದು ಹೊಣೆ. ನಿಧಿಯಲ್ಲಿರುವುದು 70, ಅದು ಜಮೆ. ಉಳಿದ 30 ಕೊರತೆ. ಸಹಕಾರಿ ಸಂಘದ ಅಢಾವೆ ಪತ್ರಿಕೆ ಓದಿದವರಿಗೆ ಇದು ಹೊಸದಲ್ಲ. ‘ಪೆನ್ಷನ್ ಡೆಟ್’ ಅಂದರೆ ಬಹುತೇಕ ಈ ಕೊರತೆಯೇ, ಆದ್ದರಿಂದ ‘ಪಿಂಚಣಿ ನಿಧಿ ಕೊರತೆ’ ಅನ್ನಿ. ಡೆಟ್ರಾಯ್ಟಿನ ಒಟ್ಟು ಹೊರೆ ಸುಮಾರು 1,800 ಕೋಟಿ ಡಾಲರ್. ಅದರಲ್ಲಿ ಪಿಂಚಣಿ ನಿಧಿ ಕೊರತೆ 350 ಕೋಟಿ ಎಂದು, ನಗರದ ಹಣಕಾಸು ನೋಡಿಕೊಳ್ಳಲು ರಾಜ್ಯ ಸರ್ಕಾರ ನೇಮಿಸಿದ್ದ ತುರ್ತು ಆಡಳಿತಾಧಿಕಾರಿ ಅಂದಾಜಿಸಿದ್ದರು. ನೌಕರರ ಸಂಘಗಳು ಆ ಲೆಕ್ಕ ಒಪ್ಪಲಿಲ್ಲ. ಹೂಡಿಕೆಗೆ ಎಷ್ಟು ಬಡ್ಡಿ ಹುಟ್ಟೀತು ಎಂಬ ಊಹೆ ಅರ್ಧ ಪರ್ಸೆಂಟ್ ಇಳಿದರೂ ಕೊರತೆ ಹಿಗ್ಗುತ್ತದೆ. ಹಾಗಾಗಿ ‘ಅಂದಾಜು’ ಎಂಬ ಮಾತನ್ನು ಬಿಡಲೇಬಾರದು.

ಒಂದು ಕಡೆ ಮಾತ್ರ ‘ಸಾಲ’ ಸರಿ. 2005-06ರಲ್ಲಿ ಆ ನಗರ ಪಿಂಚಣಿ ನಿಧಿ ತುಂಬಲೆಂದೇ ಸುಮಾರು 140 ಕೋಟಿ ಡಾಲರ್ ಮಾರುಕಟ್ಟೆಯಿಂದ ಎತ್ತಿತ್ತು. ಅದು ನಿಜವಾದ ಸಾಲ. ಕೊರತೆಗೂ ‘ಸಾಲ’ ಅಂದುಬಿಟ್ಟರೆ ಇವೆರಡೂ ಕಲಸಿಹೋಗುತ್ತವೆ.

ಇನ್ನು ‘ಭದ್ರತೆ’. ಪಿಂಚಣಿಯ ಪಕ್ಕ ಈ ಪದ ಬಂತೆಂದರೆ ನಮ್ಮ ಓದುಗರ ಮನಸ್ಸು ವಿಧವಾ ವೇತನ, ವೃದ್ಧಾಪ್ಯ ವೇತನದ ‘ಸಾಮಾಜಿಕ ಭದ್ರತೆ’ಗೆ ಹೋಗುತ್ತದೆ. ‘ಸುರಕ್ಷತೆ’ ಅಂದರೂ ಸಂಧ್ಯಾ ಸುರಕ್ಷಾ ನೆನಪಾದೀತು. ಅಮೆರಿಕದ ನಗರ ಬಜೆಟ್ಟಿನಲ್ಲಿ ‘ಪಬ್ಲಿಕ್ ಸೇಫ್ಟಿ’ ಎಂದರೆ ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸ್. ಆ ಮೂರನ್ನೇ ಹೆಸರಿಸುವುದು ಲೇಸು. ಡೆಟ್ರಾಯ್ಟಿನಲ್ಲಿ ಆಗ ಬೀದಿದೀಪಗಳಲ್ಲಿ ಶೇ. 40ರಷ್ಟು ಉರಿಯುತ್ತಿರಲಿಲ್ಲ, ತುರ್ತು ಕರೆಗೆ ಪೊಲೀಸರು ಬರಲು ಸರಾಸರಿ 58 ನಿಮಿಷ ಹಿಡಿಯುತ್ತಿತ್ತು ಎಂದು ಬರೆದರೆ ‘ಭದ್ರತೆಯ ಆತಂಕ’ ಎಂಬ ಮಾತೇ ಬೇಕಾಗದು.

ಇನ್ನೊಂದು ಎಚ್ಚರ. ದಿವಾಳಿ ಒಪ್ಪಂದದಲ್ಲಿ ಸಾಮಾನ್ಯ ನಿವೃತ್ತರ ಪಿಂಚಣಿ ಶೇ. 4.5 ಕಡಿತವಾಯಿತು, ಪೊಲೀಸ್, ಅಗ್ನಿಶಾಮಕ ನಿವೃತ್ತರ ಮೂಲ ಪಿಂಚಣಿ ಹಾಗೇ ಉಳಿದು, ವರ್ಷದ ಏರಿಕೆಗೆ ಮಾತ್ರ ಕತ್ತರಿ ಬಿತ್ತು. ಆ ಏರಿಕೆಗೆ ‘ತುಟ್ಟಿಭತ್ಯೆ’ ಬಳಸಬೇಡಿ. ನಮ್ಮ ತುಟ್ಟಿಭತ್ಯೆ ಬೆಲೆ ಸೂಚ್ಯಂಕ ನೋಡಿ ವರ್ಷಕ್ಕೆ ಎರಡು ಸಲ ಏರುವಂಥದ್ದು. ‘ವಾರ್ಷಿಕ ಏರಿಕೆ’ ಸಾಕು.