ಸಮಸ್ಯೆ: ‘ನೇಪಥ್ಯಂ ಕಳೆದೊಡಾಯ್ತು ನೇಪಥ್ಯಮದೇಂ’

ಮಾನ್ಯರೇ, ಈ ಸಲ ನಾಲ್ಕು ಪಾದಗಳ ಕಂದಪದ್ಯದ ಕೊನೆಯ ಪಾದವನ್ನು ಸಮಸ್ಯೆಯಾಗಿ ಕೊಟ್ಟಿದ್ದೇನೆ; ಅದಕ್ಕೆ ಹೊಂದುವಂತೆ ಮೊದಲ ಮೂರು ಪಾದಗಳನ್ನು ರಚಿಸುವುದೇ ಪೂರಣ. ಪ್ರತಿ ಪಾದದ ಎರಡನೆಯ ಅಕ್ಷರವಾಗಿ, ದೀರ್ಘದ ಮುಂದಿನ ಪಕಾರವೇ ಪ್ರಾಸವಾಗಬೇಕು. ‘ದೊಡಾಯ್ತು’ ಎಂಬ ಜಗಣವು (ಲಘು-ಗುರು-ಲಘು) ಉತ್ತರಾರ್ಧದ ಆರನೆಯ ಗಣವಾಗಿ ತನ್ನ ಸ್ಥಾನದಲ್ಲೇ ಇದೆ.

ಸಂದೇಹ: ನೇಪಥ್ಯವೆಂದರೆ ತೆರೆಮರೆಯಲ್ಲವೇ? ಅದನ್ನು ಕಳೆಯುವುದು ಹೇಗೆ?

ಉತ್ತರ: ಇಂದಿನ ಬಳಕೆಯಲ್ಲಿ ತಾವು ಹೇಳಿದ್ದೇ ಸರಿ. ಆದರೆ ಅಮರಕೋಶವು ಈ ಶಬ್ದವನ್ನು ಆಕಲ್ಪ, ವೇಷ, ಪ್ರತಿಕರ್ಮ, ಪ್ರಸಾಧನಗಳ ಸಾಲಿನಲ್ಲಿ ಕೂರಿಸಿದೆ. ಆ ಪ್ರಸಾಧನವೇ ಹಳಗನ್ನಡದ ಪಸದನ, ಅಂದರೆ ಅಲಂಕಾರ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಪರಿವ್ರಾಜಿಕೆಯು ಅಂಗಸೌಷ್ಠವವು ಕಾಣಲೆಂದು ಪಾತ್ರಗಳು ‘ವಿರಲನೇಪಥ್ಯ’ರಾಗಿ ಬರಲಿ ಎನ್ನುವಾಗ, ತೊಡವು ಕಡಿಮೆಯಿರಲಿ ಎಂದೇ ಅರ್ಥ. ವೇಷ ಕಟ್ಟುವ ಎಡೆಗೂ ಅದೇ ಹೆಸರಿದ್ದು, ಕನ್ನಡದ ರೂಢಿಯಲ್ಲಿ ಎಡೆ ಉಳಿದು ವೇಷವೇ ಮರೆಯಾಗಿದೆ. ಕಣ್ಣಿಗೆ ಕಾಣಲೆಂದೇ ತೊಡುವುದರ ಹೆಸರು ಕಣ್ಣಿಗೆ ಕಾಣದುದಕ್ಕೆ ನಿಂತಿರುವುದು ತಮಾಷೆಯೇ ಸರಿ.

ಪೂರಣ 1:

ಭೂಪತಿತನಮಂ ತೊರೆಯುತೆ
ಕೋಪಮನುಂ ಬಿಟ್ಟು ನಿಂದ ಗೊಮ್ಮಟಜಿನಗಂ
ವ್ಯಾಪಿಸೆ ದೆಸೆಗಳೆ ಮೈಯಂ
ನೇಪಥ್ಯಂ ಕಳೆದೊಡಾಯ್ತು ನೇಪಥ್ಯಮದೇಂ

ಪ್ರತಿಕ್ರಿಯೆ: ದಿಗಂಬರ ಎಂಬ ಮಾತನ್ನು ಉಚ್ಚರಿಸದೆಯೇ ಅದರ ಅರ್ಥವನ್ನು ತಂದಿದ್ದೀರಿ, ಎರಡು ಕಡೆಯೂ ನೇಪಥ್ಯಕ್ಕೆ ವೇಷವೆಂಬ ಹಳೆಯ ಅರ್ಥವೇ ಒದಗಿದೆ. ಆದರೂ ಶ್ರವಣಬೆಳಗೊಳದ ಶಿಲ್ಪಿ ತೊಡೆತೋಳುಗಳಿಗೆ ಹಬ್ಬಿಸಿದ ಬಳ್ಳಿಯನ್ನು ಬಿಟ್ಟು ದಿಕ್ಕುಗಳವರೆಗೆ ಹೋಗಬೇಕಿತ್ತೇ ಎಂದು ನನಗೆ ಅನಿಸಿತು. ತೊಡವು ಅಲ್ಲೇ ಮೈಮೇಲಿತ್ತು.

ಪೂರಣ 2:

ಭೂಪನ ವೇಷಮನಾಂತಾ
ಲಾಪಿಸಿ ಮುಗಿಪಲ್ಕೆ ಪಾತ್ರಮಂ ನಟವರನುಂ
ದೀಪಮೆ ಬೆಳಗದ ತಾಣಂ
ನೇಪಥ್ಯಂ ಕಳೆದೊಡಾಯ್ತು ನೇಪಥ್ಯಮದೇಂ

ಪ್ರತಿಕ್ರಿಯೆ: ಮೊದಲನೆಯದು ವೇಷ, ಎರಡನೆಯದು ತೆರೆಮರೆ, ಹೀಗೆ ಎರಡು ಅರ್ಥಗಳನ್ನೂ ದುಡಿಸಿಕೊಂಡದ್ದು ಸಮಸ್ಯೆಯ ಬೀಗಕ್ಕೆ ಸರಿಯಾದ ಕೀಲಿ. ‘ನಟವರನುಂ’ ಎಂಬಲ್ಲಿಯ ‘ಉಂ’ ಮಾತ್ರೆ ತುಂಬಲು ಬಂದದ್ದೆಂಬುದು ಸ್ಪಷ್ಟ, ಅದಿರಲಿ. ಆದರೆ ಮೂರನೆಯ ಪಾದವನ್ನು ಯಕ್ಷಗಾನ ಬಲ್ಲವರು ಒಪ್ಪಲಾರರು: ಬಣ್ಣ ಹಚ್ಚುವ ಚೌಕಿಯಲ್ಲಿ ಗಣಪತಿಯ ಮುಂದೆ ದೀಪ ಉರಿಯುತ್ತದೆ, ಅಲ್ಲಿ ಪೂಜೆಯಾದ ಮೇಲೆಯೇ ವೇಷಗಳು ರಂಗಕ್ಕೆ ಹೊರಡುತ್ತವೆ.

ಪೂರಣಕಾರರ ಉತ್ತರ: ಒಪ್ಪಿದೆ. ಮೂರನೆಯ ಪಾದವನ್ನು ‘ದೀಪದ ಪಿಂತಣ ತಾಣಂ’ ಎಂದು ತಿದ್ದಿಕೊಳ್ಳುತ್ತೇನೆ. ರಂಗದ ದೀಪದ ಹಿಂದೆ ಚೌಕಿಯ ದೀಪವೂ ಇರಲು ಈಗ ಅಡ್ಡಿಯಿಲ್ಲ. ‘ಉಂ’ ಸದ್ಯಕ್ಕೆ ಹಾಗೇ ಉಳಿಯಲಿ.