ಕೈ ಹೋಗದ ಜಾಗದ ಸಸ್ಪೆನ್ಷನ್ ಬೋಲ್ಟ್ ಟೈಟ್ ಮಾಡೋದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಅಣ್ಣ ನಮಸ್ತೆ, ನಾನೂ ನಮ್ಮ ಚಿಕ್ಕಪ್ಪನ ಮಗನೂ ಸೇರ್ಕೊಂಡು ಲೋಟಸ್ ಸೆವೆನ್ (ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ತರದ್ದೊಂದು ಕಿಟ್ ಕಾರ್, ಅಂದ್ರೆ ಬಿಡಿಭಾಗ ಸೇರ್ಸಿ ನಾವೇ ಜೋಡ್ಸೋ ಕಾರು, ಕಟ್ತಾ ಇದೀವಿ, ಚಾಸಿ ಪ್ಲ್ಯಾನ್ ನೋಡ್ಕೊಂಡು ನಾವೇ ವೆಲ್ಡ್ ಮಾಡಿದ್ದು, ಇಂಜಿನ್ ಗೇರ್‌ಬಾಕ್ಸ್ ಹಳೇ ಜಿಪ್ಸಿದು, ಮುಂದೆ ಡಬಲ್ ವಿಶ್‌ಬೋನ್ (ಒಂದೊಂದು ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್), ರಬ್ಬರ್ ಬುಷ್. ಕೆಳಗಿನ ಆರ್ಮಿನ ಹಿಂದಿನ ಬೋಲ್ಟ್ ಇದೆಯಲ್ಲ, ಎಂ12, ಅದರ ನಟ್ಟು ಎರಡು ಪೈಪಿನ ಸಂದಿಲಿ ಕೂತಿದೆ, ಸಾಕೆಟ್ ಹೋಗಲ್ಲ, ರಿಂಗ್ ಸ್ಪ್ಯಾನರ್ ಹೋದ್ರೂ ತಿರುಗ್ಸೋಕೆ ಜಾಗ ಇಲ್ಲ, ಇನ್ನು ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ತಿರುಗ್ಸೋ ರೆಂಚ್) ಮಾತು ದೂರಾನೇ ಆಯ್ತು. ಪ್ಲ್ಯಾನಲ್ಲಿ 80 ನ್ಯೂಟನ್ ಮೀಟರ್ ಅಂತ ಇದೆ. ಅಂದಾಜಲ್ಲಿ ಬಿಗಿ ಮಾಡಿದ್ರೆ ನಡಿಯುತ್ತಾ? ಇಂಜಿನ್ ಇನ್ನೂ ಚಾಸಿ ಒಳಗೆ ಇಳಿಸಿಲ್ಲ. ಓಡಿಸೋದು ನಮ್ಮ ತೋಟದ ಒಳಗೆ ಮಾತ್ರ.

ಉತ್ತರ (ಸಸ್ಪೆನ್ಷನ್ ಕೆಲಸ, ಶಿವಮೊಗ್ಗ ಆಟೋ ಕಾಂಪ್ಲೆಕ್ಸ್):
ಅಂದಾಜು ಬೇಡ ಮಾರಾಯ್ರೆ. ಕೆಳಗಿನ ಆರ್ಮಿನ ಬೋಲ್ಟ್ ಹೋದ್ರೆ ಚಕ್ರನೇ ಮಡಚ್ಕೊಂಡು ಹೋಗುತ್ತೆ, ತೋಟದ ಒಳಗಾದ್ರೂ ಪಕ್ಕದಲ್ಲಿ ದರೆ ಇರುತ್ತೆ, ಕಾಲುವೆ ಇರುತ್ತೆ. ಇಂಜಿನ್ ಇಳಿಸಿಲ್ಲ ಅಂದ್ರಲ್ಲ, ಅದೇ ನಿಮ್ಮ ಪುಣ್ಯ, ಈ ಕೆಲಸ ಮುಗಿಯೋವರೆಗೂ ಇಳಿಸ್ಬೇಡಿ.

ಜಾಗದ ವಿಷಯಕ್ಕಿಂತ ಮೊದ್ಲು ಇನ್ನೊಂದು ಹೇಳ್ಬೇಕು, ಬಹಳ ಜನ ಇಲ್ಲೇ ಎಡವೋದು. ರಬ್ಬರ್ ಬುಷ್ ಅಂದ್ರೆ ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಕೊಳವೆ, ಮಧ್ಯ ರಬ್ಬರ್ ಎರಡಕ್ಕೂ ಅಂಟ್ಕೊಂಡಿರುತ್ತೆ. ಬೋಲ್ಟ್ ಟೈಟ್ ಮಾಡಿದಾಗ ಒಳಗಿನ ಕೊಳವೆ ಬ್ರಾಕೆಟ್ಟಿಗೆ ಕಚ್ಕೊಂಡು ನಿಂತ್ಬಿಡುತ್ತೆ, ಆಮೇಲೆ ಆರ್ಮ್ ಮೇಲೆ ಕೆಳಗೆ ಆಡೋದೆಲ್ಲ ರಬ್ಬರ್ ತಿರುಚ್ಕೊಳ್ಳೋದ್ರಿಂದಾನೇ. ಈಗ ಕಾರು ಸ್ಟ್ಯಾಂಡ್ ಮೇಲಿದ್ದು ಆರ್ಮ್ ಕೆಳಗೆ ಜೋತು ಬಿದ್ದಿರೋವಾಗ ಟೈಟ್ ಮಾಡಿದ್ರಿ ಅಂತಿಟ್ಕೊಳ್ಳಿ, ಕಾರು ನೆಲಕ್ಕಿಳಿದ ತಕ್ಷಣ ರಬ್ಬರ್ ಒಂದೇ ಕಡೆಗೆ ತಿರುಚ್ಕೊಂಡು ನಿಲ್ಲುತ್ತೆ, ನಿಂತಲ್ಲೇ ಅದರ ಮೇಲೆ ಒತ್ತಡ, ಗುಂಡಿ ಸಿಕ್ಕಾಗ ಇನ್ನಷ್ಟು, ಬೇಗ ಹರಿಯುತ್ತೆ. ಹೊಸ ಬುಷ್ ಹಾಕ್ಸಿ ಸ್ವಲ್ಪ ದಿನಕ್ಕೇ ಮತ್ತೆ ಸದ್ದು ಅಂತ ಬರೋ ಗಾಡಿಗಳಲ್ಲಿ ಇದು ಮಾಮೂಲಿ. ಅದಕ್ಕೆ ಕೊನೇ ಟೈಟ್ ಯಾವಾಗ್ಲೂ ಕಾರು ತನ್ನ ತೂಕದಲ್ಲಿ ನಿಂತ ಎತ್ತರಕ್ಕೆ ಆರ್ಮ್ ಇಟ್ಟೇ ಮಾಡ್ಬೇಕು. ಪಾಲಿಯುರೆಥೇನ್ ಬುಷ್ ಆದ್ರೆ ಒಳಗಿನ ಕೊಳವೆ ಮೇಲೆ ಸಲೀಸಾಗಿ ತಿರುಗುತ್ತೆ, ಅದಕ್ಕೆ ಈ ಚಿಂತೆ ಇಲ್ಲ.

ಪ್ರಶ್ನೆ:
ಆದ್ರೆ ಅಣ್ಣ, ಇಂಜಿನ್ ಇಲ್ದೆ ಚಾಸಿ ಕೂರೋದೇ ಇಲ್ವಲ್ಲ, ಜಾಕ್ ಕೊಟ್ರೆ ಇಡೀ ಚಾಸಿನೇ ಮೇಲೇಳುತ್ತೆ. ಇಂಜಿನ್ ಹಾಕಿದ್ಮೇಲೆ ಟೈಟ್ ಮಾಡೋಣ ಅಂದ್ರೆ ಆಗ ಕೈನೇ ಹೋಗಲ್ಲ.

ಉತ್ತರ:
ಸರಿಯಾಗೇ ಕೇಳಿದ್ರಿ. ಸ್ಪ್ರಿಂಗ್ ಸಮೇತ ಶಾಕ್ ಬಿಚ್ಚಿ ಪಕ್ಕಕ್ಕಿಡಿ. ಈಗ ಆರ್ಮ್ ಕೈಯಲ್ಲೇ ಮೇಲೆ ಕೆಳಗೆ ಆಡುತ್ತೆ, ಅಲ್ಲಿ ಜಾಗನೂ ಆಗುತ್ತೆ. ಕಾರು ನಿಂತಾಗ ಹಬ್ಬಿನ (ಚಕ್ರ ಕೂರೋ ಭಾಗ) ನಡುವಿಗೂ ಚಾಸಿಗೂ ಎಷ್ಟು ಅಂತರ ಇರ್ಬೇಕು ಅಂತ ಪ್ಲ್ಯಾನಲ್ಲಿ ನೋಡಿ, ಹಬ್ಬನ್ನ ಅಷ್ಟಕ್ಕೆ ಎತ್ತಿ ಆರ್ಮಿನ ತುದಿ ಕೆಳಗೆ ಮರದ ತುಂಡು ಕೊಡಿ, ಚಾಸಿ ಗಟ್ಟಿ ಸ್ಟ್ಯಾಂಡ್ ಮೇಲಿರ್ಲಿ, ಆ ಸ್ಥಿತಿಲೇ ಬೋಲ್ಟ್ ಟೈಟ್ ಮಾಡಿ ಆಮೇಲೆ ಶಾಕ್ ಹಾಕಿ.

ಇನ್ನು ಜಾಗ. ಮೊದ್ಲು ಬೋಲ್ಟನ್ನ ಉಲ್ಟಾ ಹಾಕೋಕಾಗುತ್ತಾ ನೋಡಿ, ತಲೆ ಸಂದಿಗೆ, ನಟ್ಟು ಹೊರಕ್ಕೆ. ಆದ್ರೆ ಇಂಜಿನ್ ಕೂತ್ಮೇಲೂ ಆ ಬೋಲ್ಟ್ ಹೊರಗೆ ಎಳೆಯೋಕೆ ಜಾಗ ಉಳಿದಿರ್ಬೇಕು, ಇಲ್ಲಾಂದ್ರೆ ಮುಂದೆ ಬುಷ್ ಬದಲಿಸೋಕೆ ಇಂಜಿನ್ನೇ ಹೊರಗೆ ತೆಗೀಬೇಕಾಗುತ್ತೆ. ಆಗ್ಲಿಲ್ಲ ಅಂದ್ರೆ 19ರ ಓಪನ್ ಸ್ಪ್ಯಾನರ್ ತಗೊಳ್ಳಿ, ಅದರ ಬಾಯಿ 15 ಡಿಗ್ರಿ ಓರೆ ಇರುತ್ತೆ, ಒಂದ್ಸಲ ತಿರುಗ್ಸಿ ಸ್ಪ್ಯಾನರ್ ಮಗುಚಿ ಹಾಕಿ, ಮತ್ತೆ ತಿರುಗ್ಸಿ ಮತ್ತೆ ಮಗುಚಿ, ಹೀಗೆ 30 ಡಿಗ್ರಿ ಜಾಗ ಇದ್ರೂ ನಟ್ಟು ಮುಂದೆ ಹೋಗುತ್ತೆ. ಇದು ನಟ್ಟು ಕೂರಿಸೋವರೆಗೆ ಮಾತ್ರ. ಕೊನೇ ಟಾರ್ಕಿಗೆ ಟಾರ್ಕ್ ರೆಂಚಿಗೆ ಕ್ರೋಫುಟ್ (ರೆಂಚಿನ ಚೌಕಕ್ಕೆ ಸಿಗ್ಸೋ, ಪಕ್ಕದಿಂದ ನಟ್ಟು ಹಿಡಿಯೋ ಸ್ಪ್ಯಾನರ್ ಬಾಯಿ) ಹಾಕ್ಬೇಕು. ಕ್ರೋಫುಟ್ ರೆಂಚಿಗೆ 90 ಡಿಗ್ರಿ ಅಡ್ಡ ಇದ್ರೆ 80ಕ್ಕೇ ಸೆಟ್ ಮಾಡಿ, ನೇರಕ್ಕೆ ಇದ್ರೆ ಉದ್ದ ಜಾಸ್ತಿ ಆಗೋದ್ರಿಂದ ಲೆಕ್ಕ ಬದಲಾಗುತ್ತೆ, ರೆಂಚ್ ಹಿಡಿಯಿಂದ ಚೌಕದವರೆಗೆ 400 ಎಂಎಂ, ಕ್ರೋಫುಟ್ 40 ಎಂಎಂ ಅಂದ್ರೆ 80 ಗುಣಿಸು 400 ಭಾಗಿಸು 440, ಸುಮಾರು 73ಕ್ಕೆ ಸೆಟ್ ಮಾಡ್ಬೇಕು.

ಇನ್ನೊಬ್ಬರು (ಸಾಗರದಿಂದ):
ನಟ್ಟನ್ನ ಬ್ರಾಕೆಟ್ಟಿಗೆ ವೆಲ್ಡ್ ಮಾಡ್ಬಿಟ್ರೆ ಈ ಗೋಳೇ ಇರಲ್ವಲ್ಲ ಸರ್?

ಉತ್ತರ:
ನೈಲಾಕ್ ನಟ್ಟಿಗೆ (ಸಡಿಲ ಆಗ್ದೇ ಇರೋಕೆ ಒಳಗೆ ನೈಲಾನ್ ಉಂಗುರ ಇರೋ ನಟ್ಟು) ವೆಲ್ಡ್ ಹಿಡಿದ್ರೆ ಒಳಗಿನ ನೈಲಾನ್ ಕರಗಿ ಹೋಗುತ್ತೆ, ಲಾಕೇ ಇರಲ್ಲ, ಜೊತೆಗೆ ಬಿಸಿಗೆ ನಟ್ಟಿನ ಗಟ್ಟಿತನನೂ ಕಮ್ಮಿ ಆಗುತ್ತೆ. ಈ ಜಾಗಕ್ಕೆ ನಾನಂತೂ ಒಪ್ಪಲ್ಲ. ಅದರ ಬದ್ಲು ಒಂದು ಕಮ್ಮಿ ರೇಟಿನ ರಿಂಗ್ ಸ್ಪ್ಯಾನರ್ ತಂದು ಹಿಡಿ ಮೋಟು ಮಾಡಿ, ರಿಂಗಿನ ಹೊರಮೈ ಗ್ರೈಂಡರಲ್ಲಿ ಸ್ವಲ್ಪ ತೆಳು ಮಾಡಿ, ನಟ್ಟಿಗೆ ಸಿಗ್ಸಿದ್ರೆ ಮೋಟು ಹಿಡಿ ಪೈಪಿಗೆ ಆತ್ಕೊಂಡು ನಿಲ್ಲುತ್ತೆ, ಆ ಕಡೆಯಿಂದ ಬೋಲ್ಟ್ ತಲೆ ತಿರುಗ್ಸಿ ಟಾರ್ಕ್ ಕೊಡಿ. ಬೋಲ್ಟ್ ತೂತಲ್ಲಿ ಎಲ್ಲೂ ಹಿಡಿದಿರ್ಬಾರ್ದು, ಹಿಡಿದಿದ್ರೆ ರೆಂಚ್ ಸುಳ್ಳು ಹೇಳುತ್ತೆ.

ಪ್ರಶ್ನೆ:
ಥ್ಯಾಂಕ್ಸ್ ಅಣ್ಣ. ಬ್ರಾಕೆಟ್ಟಿಗೆ ಪೌಡರ್ ಕೋಟಿಂಗ್ ಮಾಡ್ಸಿದೀವಿ, ಮಳೆಗಾಲದಲ್ಲಿ ತುಕ್ಕು ಹಿಡೀಬಾರ್ದು ಅಂತ. ತೊಂದ್ರೆ ಇಲ್ವಲ್ಲ?

ಉತ್ತರ:
ಬೋಲ್ಟ್ ತಲೆ, ನಟ್ಟು, ಬುಷ್ ಕೂರೋ ಜಾಗದಲ್ಲಿ ಮಾತ್ರ ಕೆರೆದು ತೆಗೀರಿ, ದಪ್ಪ ಬಣ್ಣ ಒತ್ತಡಕ್ಕೆ ಅಪ್ಪಚ್ಚಿ ಆಗಿ ಬೋಲ್ಟ್ ಸಡಿಲ ಬೀಳುತ್ತೆ. ಬ್ರಾಕೆಟ್ಟಿಗೂ ಬುಷ್ಷಿಗೂ ಸಂದಿ ಇದ್ರೆ ವಾಷರ್ ಹಾಕಿ ತುಂಬ್ಸಿ, ಬ್ರಾಕೆಟ್ಟನ್ನ ಬೋಲ್ಟಿಂದ ಎಳೆದು ಸೇರಿಸ್ಬೇಡಿ. ನಮ್ಮ ಕಡೆ ಮಳೆಗೆ ಬೋಲ್ಟ್ ಬುಷ್ಷಿನ ಕೊಳವೆ ಒಳಗೇ ತುಕ್ಕು ಹಿಡಿದು ಕಚ್ಕೊಳ್ಳುತ್ತೆ, ಕೊನೆಗೆ ಕತ್ತರಿಸಿನೇ ತೆಗೀಬೇಕು, ಅದಕ್ಕೆ ಬೋಲ್ಟಿನ ನುಣುಪು ಭಾಗಕ್ಕೆ ತೆಳ್ಳಗೆ ಗ್ರೀಸ್ ಸವರಿ. ಥ್ರೆಡ್ಡಿಗೆ ಬೇಡ, ಥ್ರೆಡ್ಡಲ್ಲಿ ಗ್ರೀಸ್ ಇದ್ರೆ ಅದೇ 80ಕ್ಕೆ ಬೋಲ್ಟ್ ಮೇಲೆ ಎಳೆತ ಜಾಸ್ತಿ ಬೀಳುತ್ತೆ. ಟಾರ್ಕ್ ಆದ್ಮೇಲೆ ನಟ್ಟಿಂದ ಬ್ರಾಕೆಟ್ಟಿಗೆ ಬಣ್ಣದ ಒಂದು ಗೆರೆ ಎಳೀರಿ, ಸ್ವಲ್ಪ ಓಡ್ಸಿದ್ಮೇಲೆ ಟಾರ್ಚ್ ಬಿಟ್ಟು ನೋಡಿದ್ರೆ ತಿರುಗಿದ್ಯೋ ಇಲ್ವೋ ಗೊತ್ತಾಗುತ್ತೆ. ಒಂದ್ಸಲ ಬಿಚ್ಚಿದ ನೈಲಾಕ್ ನಟ್ಟು ಈ ಜಾಗಕ್ಕೆ ಮತ್ತೆ ಹಾಕ್ಬೇಡಿ.

ನಾಳೆ ಆ ಸಂದಿದೊಂದು ಫೋಟೋ ಹಾಕಿ, ಜೊತೆಗೆ ಬೋಲ್ಟ್ ತಲೆದೂ, ಅದ್ರ ಮೇಲೆ 8.8 ಅಂತ (ಬೋಲ್ಟಿನ ಬಲದ ಗುರುತು) ಇದ್ಯಾ ನೋಡ್ಬೇಕು.